ಸುತ್ತೋಲೆ ಚೀಲದಲ್ಲಿ ಹೋದ ಕೊನೆಯ ಸಂಪುಟ

ನಮ್ಮ ಓಣಿಯಲ್ಲಿ ಸುತ್ತೋಲೆ ಚೀಲದೊಳಗೆ ಬಂದದ್ದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಚೀಲ ಬಾಗಿಲ ಹಿಡಿಕೆಗೆ ನೇತುಬಿದ್ದಿರುತ್ತದೆ. ಒಳಗಿನ ಹಾಳೆ ಓದಬೇಕು, ನಮ್ಮ ಹೆಸರಿನ ಮುಂದೆ ಮನೆಯ ಮುದ್ರೆ ಒತ್ತಬೇಕು, ಪಕ್ಕದ ಮನೆಯ ಹಿಡಿಕೆಗೆ ನೇತುಹಾಕಬೇಕು. ಒಂದು ಸಲ ಓಣಿ ಸಂಘದ ಅಧ್ಯಕ್ಷ ಅಂಜಾಯ್ ಅವರ ಹೆಂಡತಿ ಮಾರುಕಟ್ಟೆಯಿಂದ ತಂದ ಮೂಲಂಗಿಯನ್ನು ಮರೆತು ಅದರೊಳಗೇ ಬಿಟ್ಟಿದ್ದರು. ಮೂಲಂಗಿ ಇಡೀ ಓಣಿ ಸುತ್ತಿತು. ಎಲ್ಲರೂ ನೋಡಿದರು, ಮುದ್ರೆ ಒತ್ತಿದರು, ಮುಂದೆ ಕಳಿಸಿದರು. ವಾಪಸ್ ಬರುವ ಹೊತ್ತಿಗೆ ಬಾಡಿ ಹಗ್ಗದಂತಾಗಿತ್ತು, ಆದರೆ ಒಂದು ಎಲೆಯೂ ಕಡಿಮೆಯಾಗಿರಲಿಲ್ಲ. ಅಂಥ ಶಿಸ್ತಿನ ಜನ ನಾವು.

ಆದ್ದರಿಂದ ಹೋದ ಬೇಸಿಗೆಯಲ್ಲಿ ನಡೆದದ್ದಕ್ಕೆ ಕುರಾಮೊಚಿ ತೊಕುಜಿ ಒಬ್ಬನನ್ನೇ ಬೈಯುವುದು ನ್ಯಾಯವಲ್ಲ.

ನನ್ನದು ಇದೇ ಓಣಿಯ ಸ್ನಾನದ ಮನೆ, ಓಣಿಯವರೆಲ್ಲ ಕಾಸು ಕೊಟ್ಟು ಮೀಯುವಂಥದ್ದು. ಮದುವೆಯಾಗಿ ಬಂದ ವಾರವೇ ಅತ್ತೆ ನನ್ನನ್ನು ಬಾಗಿಲ ಹತ್ತಿರದ ಎತ್ತರದ ಪೀಠದ ಮೇಲೆ ಕೂರಿಸಿದರು, ಇನ್ನೂ ಇಳಿದಿಲ್ಲ. ಪೀಠದ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ನಡುವೆ ಒಂದು ಗೋಡೆ. ಗೋಡೆ ಸೂರಿನವರೆಗೆ ಹೋಗುವುದಿಲ್ಲ. ಗೋಡೆಯ ಮೇಲೆ ಬಿಡಿಸಿದ ಫುಜಿ ಬೆಟ್ಟವೂ ಅರ್ಧ ಆ ಕಡೆ, ಅರ್ಧ ಈ ಕಡೆ. ಗಂಡಸರ ಮಾತನ್ನೂ ಹೆಂಗಸರ ಮಾತನ್ನೂ ಒಂದೇ ಹೊತ್ತಿಗೆ ಕೇಳುವ ಭಾಗ್ಯ ದೇವರನ್ನು ಬಿಟ್ಟರೆ ನನಗೇ ಇರುವುದು. ದೇವರು ಕೇಳಿ ಏನು ಮಾಡುತ್ತಾನೋ ಗೊತ್ತಿಲ್ಲ. ನಾನು ಸುಮ್ಮನಿರುತ್ತೇನೆ.

ಕುರಾಮೊಚಿ ಎರಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಒಳ್ಳೆಯವನು, ಆದರೆ ಕೈ ಏನು ಮಾಡುತ್ತಿದೆಯೆಂದು ತಲೆಗೆ ತಿಳಿಯುವುದಿಲ್ಲ. ಒಂದು ದಿನ ಸಾಬೂನಿನ ಬದಲು ಬಕೆಟ್ಟಿನಲ್ಲಿ ಟಿವಿಯ ರಿಮೋಟು ಹಾಕಿಕೊಂಡು ಸ್ನಾನಕ್ಕೆ ಬಂದಿದ್ದ. ಕಕ್ಕಸಿನ ಚಪ್ಪಲಿಯನ್ನು ಕಕ್ಕಸಿನಲ್ಲೇ ಬಿಟ್ಟು ಬರಬೇಕೆಂಬುದು ಅವನಿಗೆ ವರ್ಷದ ಅರ್ಧದಷ್ಟು ದಿನಗಳಲ್ಲಿ ಮರೆತುಹೋಗುತ್ತಿತ್ತು. ಹೆಂಡತಿ ಫುಸಾಯೆ ತೀರಿಕೊಂಡ ದಿನ ಆ ಚಪ್ಪಲಿ ಹಾಕಿಕೊಂಡೇ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ತಲೆಬಾಗಿದ. ಯಾರೂ ನಗಲಿಲ್ಲ, ಯಾರೂ ಹೇಳಲಿಲ್ಲ. ಹೇಳುತ್ತಿದ್ದವಳು ಪೆಟ್ಟಿಗೆಯೊಳಗಿದ್ದಳು.

ಅವರಿಬ್ಬರೂ ಸಂಜೆ ಜೊತೆಯಾಗಿ ಬರುತ್ತಿದ್ದರು. ನನ್ನ ಪೀಠದ ಹತ್ತಿರ ಬೇರೆಯಾಗಿ, ಅವನು ಎಡಕ್ಕೆ ಅವಳು ಬಲಕ್ಕೆ. ಸ್ನಾನ ಮುಗಿದ ಮೇಲೆ ಕುರಾಮೊಚಿ ಗೋಡೆಯ ಮೇಲಿಂದ ಕೂಗುತ್ತಿದ್ದ, "ಓಯ್, ಹೊರಟೆ ಕಣೇ!" ಆ ಕಡೆಯಿಂದ, "ಹೂಂ, ಬಂದೆ ರೀ!" ಬಾಗಿಲ ನೀಲಿ ಪರದೆಯ ಕೆಳಗೆ ಸೇರಿಕೊಂಡು ಮನೆಗೆ ಹೋಗುತ್ತಿದ್ದರು. ಅವಳು ಹೋದ ಮೇಲೂ ಅವನು ಕೂಗುವುದು ನಿಲ್ಲಲಿಲ್ಲ. ಬಾಯಿಗೆ ಅಭ್ಯಾಸ. "ಓಯ್, ಹೊರಟೆ ಕಣೇ!" ಅಂದ ಕೂಡಲೇ ಹೆಂಗಸರ ಕಡೆ ನಲ್ಲಿಗಳೆಲ್ಲ ನಿಲ್ಲುತ್ತಿದ್ದವು. ಅವನೂ ನೆನಪಾಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆಮೇಲೆ ಹೊರಗೆ ಪರದೆಯ ಕೆಳಗೆ, ಒಬ್ಬ ಹೆಂಗಸು ಕೂದಲು ಒರೆಸಿಕೊಂಡು ಬರಲು ಹಿಡಿಯುವಷ್ಟು ಹೊತ್ತು ನಿಂತು ಹೋಗುತ್ತಿದ್ದ.

ಫುಸಾಯೆಗೆ ಓದುವ ಚಟ. ಸ್ನಾನವಾದ ಮೇಲೆ ಫ್ಯಾನಿನ ಕೆಳಗೆ ಕೂತು ಪುಸ್ತಕ ತೆಗೆಯುತ್ತಿದ್ದಳು. ಪುಸ್ತಕಕ್ಕೆ ಯಾವಾಗಲೂ ಅಂಗಡಿಯವರು ಹಾಕಿಕೊಟ್ಟ ಕಂದು ಕಾಗದದ ಹೊದಿಕೆ.

"ಏನಮ್ಮಾ ಅದು, ಬುದ್ಧನ ಸೂತ್ರವಾ?" ಅಂತ ನಾನೊಮ್ಮೆ ಕೇಳಿದ್ದೆ.

"ಹಾಗೇ ಅಂದ್ಕೊಳ್ಳಿ ಅಜ್ಜೀ," ಅಂದಳು. "ಓದಿದ್ರೆ ಎದೆ ಹಗುರ ಆಗುತ್ತೆ."

ಅದು ಸೂತ್ರವಲ್ಲ, ಚಿತ್ರಕಥೆ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ, ಹೆಂಗಸರು ಬರೆದು ಹೆಂಗಸರೇ ಓದುವಂಥದ್ದು. ಪುಸ್ತಕದಂಗಡಿಯಲ್ಲಿ ಅದಕ್ಕೆಂದೇ ಒಂದು ಕಪಾಟಿದೆ. ಶಾಲೆಯ ಹುಡುಗಿಯರೂ ಮೊಮ್ಮಕ್ಕಳಿರುವ ಅಜ್ಜಿಯರೂ ಅಲ್ಲಿ ಒಬ್ಬರನ್ನೊಬ್ಬರು ನೋಡದವರಂತೆ ನಿಂತಿರುತ್ತಾರೆ. ಫುಸಾಯೆ ಓದುತ್ತಿದ್ದುದು ರೇಜಿ ಎಂಬ ಚಹಾ ವ್ಯಾಪಾರಿಯ ಮಗ ಮತ್ತು ಅಸಾಗಿ ಎಂಬ ದೋಣಿಯವನ ಕಥೆ. ವರ್ಷಕ್ಕೊಂದು ಸಂಪುಟ. ಕೊನೆಯದಕ್ಕೆ ಹಿಂದಿನದರಲ್ಲಿ ರೇಜಿ ಪೆಟ್ಟಿಗೆ ಹಿಡಿದು ಹಡಗಿನ ಏಣಿಯ ಮೇಲೆ ಕಾಲಿಟ್ಟಿದ್ದಾನೆ, ಅಸಾಗಿ ಬಂದರಿನ ಕಟ್ಟೆಯ ಮೇಲೆ ಓಡಿ ಬರುತ್ತಿದ್ದಾನೆ. ಅಷ್ಟಕ್ಕೇ ಪುಸ್ತಕ ಮುಗಿಯಿತು. ಮುಂದಿನದು ಬರುವ ಮೊದಲೇ ಫುಸಾಯೆ ಆಸ್ಪತ್ರೆ ಸೇರಿದಳು.

"ರೀ, ರೇಜಿ ಹಡಗು ಹತ್ತಿದನಾ ಇಲ್ಲವಾ, ನೋಡಿ ಹೇಳಿ," ಅಂದಳಂತೆ.

"ಯಾವ ರೇಜಿ? ನಿನ್ನ ತಂಗಿ ಮಗನಾ?" ಅಂದನಂತೆ ಇವನು.

ಫುಸಾಯೆ ನಕ್ಕಳಂತೆ. ಅದಾದ ಮೇಲೆ ಅವಳು ಇನ್ನೊಮ್ಮೆ ನಕ್ಕದ್ದು ತನಗೆ ನೆನಪಿಲ್ಲ ಅಂತ ಕುರಾಮೊಚಿ ನನಗೆ ಹೇಳಿದ.

ಹೋದ ಬೇಸಿಗೆ, ತೀರಿಹೋದ ಹಿರಿಯರು ಮನೆಗೆ ಬರುವ ಓಬೋನ್ ಹಬ್ಬ ಹತ್ತಿರವಾದಾಗ, ಪುಸ್ತಕದಂಗಡಿಯ ಹುಡುಗಿ ಅವನ ಮನೆಗೆ ಫೋನು ಮಾಡಿದಳು.

"ಕುರಾಮೊಚಿ ಫುಸಾಯೆಯವರ ಮನೆಯಾ? ಅವರು ಹೇಳಿಟ್ಟಿದ್ದ ಕೊನೆಯ ಸಂಪುಟ ಬಂದಿದೆ."

"ಅವಳು ಇಲ್ವಲ್ಲಮ್ಮ."

"ಯಾವಾಗ ಬರ್ತಾರೆ ಸಾರ್?"

ಕುರಾಮೊಚಿ ಯೋಚಿಸಿ ನೋಡಿ, "ಓಬೋನ್‌ಗೆ ಬರ್ತಾಳೆ," ಅಂದ.

ಅದು ಸುಳ್ಳಲ್ಲ. ಸತ್ತ ಮೇಲಿನ ಮೊದಲ ಓಬೋನ್. ಅವಳು ಬರಲೇಬೇಕು, ಬಂದವಳಿಗೆ ಇವನು ಉತ್ತರ ಕೊಡಲೇಬೇಕು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದ. ಆ ಕಪಾಟಿನ ಮುಂದೆ ನಿಂತಿದ್ದ ಹುಡುಗಿಯರಿಗೆಲ್ಲ ಒಬ್ಬೊಬ್ಬರಿಗೂ ತಲೆಬಾಗಿ, "ನಮ್ಮನೆಯವಳು ಇಲ್ಲಿಗೆ ಬರ್ತಿದ್ದಳು, ನಿಮಗೆಲ್ಲ ತೊಂದರೆ ಕೊಟ್ಟಿದ್ರೆ ಕ್ಷಮಿಸಿ," ಅಂದನಂತೆ. ಹುಡುಗಿಯರು ದಿಕ್ಕಾಪಾಲಾಗಿ ಓಡಿದರಂತೆ.

"ಕಾಗದದ ಹೊದಿಕೆ ಹಾಕಲಾ ಸಾರ್?"

"ಅವಳು ಹೇಗೆ ತಗೊಳ್ತಿದ್ದಳೋ ಹಾಗೇ ಕೊಡಿ."

ಮನೆಗೆ ಬಂದರೆ ಬಾಗಿಲಲ್ಲಿ ಸುತ್ತೋಲೆ ಚೀಲ. ಅದರೊಳಗೆ ನಗರಸಭೆಯವರು ಕೊಟ್ಟ ಭೂಕಂಪದ ಮುನ್ನೆಚ್ಚರಿಕೆಯ ಪುಸ್ತಿಕೆ. ಹಿಂದಿನ ಸಲ ಯಾರೋ ಅಂಥ ಪುಸ್ತಿಕೆಯ ಮೇಲೆ ಸೋಯಾ ರಸ ಚೆಲ್ಲಿದ್ದರಿಂದ ಅಂಜಾಯ್ ಅವರು ಈ ಸಲ ಅದಕ್ಕೂ ಕಂದು ಕಾಗದದ ಹೊದಿಕೆ ಹಾಕಿದ್ದರು. ಮುದ್ರೆ ಇರುವುದು ಫುಸಾಯೆಯ ಫೋಟೋ ಇಟ್ಟ ಬುದ್ಧಪೀಠದ ಕೆಳಗಿನ ಡ್ರಾಯರಿನಲ್ಲಿ. ಕುರಾಮೊಚಿ ಎರಡನ್ನೂ ಚಾಪೆಯ ಮೇಲಿಟ್ಟ, ಊದುಬತ್ತಿ ಹಚ್ಚಿದ, ಮುದ್ರೆ ಒತ್ತಿದ, ಒಂದು ಕಂದು ಕಾಗದವನ್ನು ಪೀಠದ ಮೇಲಿಟ್ಟ, ಇನ್ನೊಂದನ್ನು ಚೀಲಕ್ಕೆ ಹಾಕಿ ಪಕ್ಕದ ಮನೆಗೆ ನೇತುಹಾಕಿದ. ಯಾವುದು ಎಲ್ಲಿಗೆ ಹೋಯಿತೆಂದು ಓದುವವರಿಗೆ ನಾನು ಹೇಳಬೇಕಾಗಿಲ್ಲ. ಅವಳ ಪುಸ್ತಕವನ್ನು ಅವಳಿಗಿಂತ ಮೊದಲು ತೆರೆಯಬಾರದೆಂದು ಅವನು ಹಬ್ಬದವರೆಗೂ ಮುಟ್ಟಲಿಲ್ಲ. ನಡುವೆ ಅವನ ನಾದಿನಿ ಬಂದು, ಭೂಕಂಪಕ್ಕೆ ಕೈಮುಗಿದು, ಕಣ್ಣೊರೆಸಿಕೊಂಡು ಹೋದಳು.

ಚೀಲದ ಹಾಳೆಯಲ್ಲಿ ಅಂಜಾಯ್ ಅವರ ಗುಂಡು ಅಕ್ಷರ ಹೀಗಿತ್ತು: "ಜೊತೆಗಿರುವ ಪುಸ್ತಿಕೆಯನ್ನು ಮನೆಮಂದಿಯೆಲ್ಲ ಓದತಕ್ಕದ್ದು. ಒಂಟಿಯಾಗಿರುವ ಗಂಡಸರು ವಿಶೇಷ ಮನಸ್ಸಿಟ್ಟು ಓದತಕ್ಕದ್ದು. ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಇದರ ಅಭ್ಯಾಸ. ಗಂಡಸರು ಸಡಿಲವಾದ ಬಟ್ಟೆಯಲ್ಲಿ ಬಂದು ಜೋಡಿಯಾಗತಕ್ಕದ್ದು."

ನನ್ನ ಮನೆ ಸರದಿಯಲ್ಲಿ ಕುರಾಮೊಚಿಗಿಂತ ಮೊದಲು. ನನ್ನಲ್ಲಿಗೆ ಬಂದಾಗ ಅದು ಇನ್ನೂ ಭೂಕಂಪವೇ ಆಗಿತ್ತು. ಹಾಗಾಗಿ ಅವನ ಪಕ್ಕದ ಮನೆಯ, ಅಕ್ಕಿ ಹಪ್ಪಳದ ಅಂಗಡಿಯ ಉದಾಗಾವಾ ಎಂಬಾಕೆ ಸ್ನಾನ ಮುಗಿಸಿ ನನ್ನ ಪೀಠಕ್ಕೆ ಒರಗಿ ನಿಂತಾಗ ನನಗೇನೂ ಹೊಳೆಯಲಿಲ್ಲ.

"ಅಜ್ಜೀ, ಆ ಪುಸ್ತಿಕೆ ನೀವು ನೋಡಿದ್ರಾ?"

"ನೋಡಿದೆ. ಚಿತ್ರ ಚೆನ್ನಾಗಿ ಬರೆದಿದ್ದಾರೆ. ನನ್ನಂಥ ಹೆಚ್ಚು ಓದದವಳಿಗೂ ತಿಳಿಯುತ್ತೆ."

"ಅಲ್ಲಾ... ನಿಮಗೆ ಏನೂ ಅನ್ನಿಸಲಿಲ್ವಾ?"

"ಅನ್ನಿಸೋದೇನು ಬಂತು? ಇದೆಲ್ಲ ಹಿಂದಿನಿಂದಲೂ ಇರೋದೇ. ನಮ್ಮನೆಯವರು ಇದ್ದಾಗ ಪ್ರತಿ ವರ್ಷ ಮಾಡ್ತಿದ್ರು, ಮೀನಂಗಡಿಯವನ ಜೊತೆ."

"ಮೀನಂಗಡಿಯವನ ಜೊತೆ!"

"ಹೂಂ ಕಣಮ್ಮ. ಅವನು ನೋಡಿದ್ರೆ ಅಷ್ಟು ದಪ್ಪ. ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡು ಬಂದಿದ್ರು. ರಾತ್ರಿಯೆಲ್ಲ ನಾನೇ ಮುಲಾಮು ಹಚ್ಚಿದೆ."

ಉದಾಗಾವಾ ಬಟ್ಟೆಯ ಬುಟ್ಟಿಯ ಮೇಲೇ ಕುಸಿದು ಕೂತಳು. ನನ್ನ ಕೈ ಹಿಡಿದುಕೊಂಡು, "ನಿಮ್ಮದು ಎಂಥ ದೊಡ್ಡ ಮನಸ್ಸು ಅಜ್ಜೀ!" ಅಂದಳು. ಕಣ್ಣಲ್ಲಿ ನೀರಿತ್ತು. ಮುಲಾಮು ಹಚ್ಚಿದ್ದಕ್ಕೆ ಇಷ್ಟೊಂದಾ ಅಂದುಕೊಂಡೆ.

ಇನ್ನೊಂದು ಸಂಜೆ ಗಂಡಸರ ಕಡೆ ಬಿಸಿನೀರಿನ ತೊಟ್ಟಿಯಲ್ಲಿ ಕೂತವರು ಇಬ್ಬರು: ಅಧ್ಯಕ್ಷ ಅಂಜಾಯ್ ಮತ್ತು ಮಿನೊವಾ ಮೇಷ್ಟ್ರು. ಮೇಷ್ಟ್ರು ನಿವೃತ್ತ ಮುಖ್ಯೋಪಾಧ್ಯಾಯರು, ಮದುವೆಯನ್ನೇ ಆಗದವರು, ಆದೇಶ ಬಂದರೆ ಅಕ್ಷರ ಬಿಡದೆ ಪಾಲಿಸುವವರು.

"ಅಧ್ಯಕ್ಷರೇ," ಅಂದರು ಮೇಷ್ಟ್ರು, ಸುತ್ತ ನೋಡಿ, "ಈ ಸಲದ ಪುಸ್ತಿಕೆ... ಧೈರ್ಯದ ಹೆಜ್ಜೆ."

"ನನ್ನದೇನಿದೆ ಮೇಷ್ಟ್ರೇ, ನಗರಸಭೆಯದ್ದು."

"ನಗರಸಭೆಯದ್ದೇ!"

"ಮೇಲಿನಿಂದ ಬಂದದ್ದು. ಓಣಿ ಓಣಿಯಲ್ಲೂ ಒಂಟಿ ಗಂಡಸರು ಜಾಸ್ತಿ ಆಗಿದ್ದಾರೆ. ಹೊತ್ತು ಬಂದಾಗ ಪಾಪ, ಯಾರೂ ಇರಲ್ಲ."

"ಅದು ನಿಜ. ಆದರೆ ನನಗೆ ಎಪ್ಪತ್ತೆಂಟು."

"ಎಪ್ಪತ್ತೆಂಟಕ್ಕೇ ಅಲ್ವಾ ಬೇಕಾಗಿರೋದು! ನಾಚಿಕೆ ಬಿಡಿ. ಭಾನುವಾರ ನಾನೇ ನಿಂತು ತೋರಿಸ್ಕೊಡ್ತೀನಿ."

ಮೇಷ್ಟ್ರು ಮೆಲ್ಲಗೆ ಮೂಗಿನವರೆಗೆ ನೀರಲ್ಲಿ ಮುಳುಗಿದರು. ತುಂಬ ಹೊತ್ತು ಏಳಲಿಲ್ಲ. ಪೀಠದ ಮೇಲೆ ನನಗೇ ಗಾಬರಿಯಾಯಿತು.

ಎರಡು ದಿನಕ್ಕೆ ಸುತ್ತು ಮುಗಿಸುತ್ತಿದ್ದ ಚೀಲ ಈ ಸಲ ಒಂದೊಂದು ಮನೆಯಲ್ಲೂ ತವರಿಗೆ ಬಂದ ಮಗಳಂತೆ ಉಳಿಯತೊಡಗಿತು. ಹಪ್ಪಳದಂಗಡಿಯಲ್ಲಿ ಒಂದು ಒಲೆ ಹಪ್ಪಳ ಪೂರ್ತಿ ಸುಟ್ಟು ಕರಿಯಾಯಿತು. ಮೇಷ್ಟ್ರ ಮನೆಯ ದೀಪ ಹೊತ್ತು ಮೀರಿ ಉರಿಯಿತು. ಆದರೂ ಯಾರೂ ಯಾರನ್ನೂ ಬಾಯಿಬಿಟ್ಟು ಕೇಳಲಿಲ್ಲ. ಮುದ್ರೆಗಳು ಮಾತ್ರ ಒಂದರ ಕೆಳಗೊಂದು ನೆಟ್ಟಗೆ ಬಿದ್ದವು.

ಭಾನುವಾರ ಬೆಳಿಗ್ಗೆ ನಾನು ಚಹಾ ಕೊಡಲು ಸಂಘದ ಕೋಣೆಗೆ ಹೋದೆ. ಎಂದೂ ಇಲ್ಲದಷ್ಟು ಜನ. ಹೆಂಗಸರು ಬೀಸಣಿಗೆ ಹಿಡಿದು ಗೋಡೆಗುಂಟ ಕೂತಿದ್ದಾರೆ, ಕಣ್ಣು ಹೊಳೆಯುತ್ತಿದೆ. ಗಂಡಸರು ಸಡಿಲವಾದ ಬಟ್ಟೆಯಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ನಿಂತಿದ್ದಾರೆ. ಸುತ್ತು ಮುಗಿಸಿ ಅದೇ ತಾನೇ ತಲುಪಿದ್ದ ಚೀಲವನ್ನು ಅಂಜಾಯ್ ಮೇಜಿನ ಮೇಲಿಟ್ಟು, ಒಳಗಿನದನ್ನು ತೆರೆಯದೆಯೇ ಮೇಷ್ಟ್ರ ಕೈಗೆ ಕೊಟ್ಟರು.

"ಮೇಷ್ಟ್ರೇ, ನಿಮ್ಮ ಕಂಠ ಒಳ್ಳೇದು. ಹನ್ನೆರಡನೇ ಪುಟ ಎಲ್ಲರಿಗೂ ಕೇಳೋ ಹಾಗೆ ಓದಿ. ಅದೇ ಮುಖ್ಯ."

ಮೇಷ್ಟ್ರು ಪುಸ್ತಕವನ್ನು ವಾಪಸ್ ಕೊಡಲು ಕೈ ಚಾಚಿದರು. ಆದರೆ ಆದೇಶ ಆದೇಶವೇ. ಬೆನ್ನು ನೆಟ್ಟಗೆ ಮಾಡಿ, ಶಾಲೆಯ ವಾರ್ಷಿಕೋತ್ಸವದ ದನಿಯಲ್ಲಿ ಓದಿದರು:

"'ನಿನ್ನ ಕೈ ಎಷ್ಟು ತಣ್ಣಗಿದೆ. ಇಲ್ಲಿ ಕೊಡು. ನೀನಿಲ್ಲದೆ ನಾನು ಒಂದು ಹೆಜ್ಜೆಯೂ ಮುಂದಿಡಲಾರೆ.'"

ಹೆಂಗಸರ ಬೀಸಣಿಗೆಗಳು ಒಟ್ಟಿಗೇ ನಿಂತವು.

ಅಂಜಾಯ್ ಅವರಿಗೆ ಸ್ವಲ್ಪ ಆಶ್ಚರ್ಯವಾಗಿರಬೇಕು. ಆದರೆ ಅವರೂ ಪುಸ್ತಿಕೆಯನ್ನು ಪೂರ್ತಿ ಓದಿದವರಲ್ಲ. "ಬಹಳ ಸರಿ!" ಅಂದರು. "ಇದೇ ಮೂಲಮಂತ್ರ. ಒಬ್ಬರನ್ನ ಬಿಟ್ಟು ಒಬ್ಬರು ಓಡಬಾರದು. ಈಗ ಎಲ್ರೂ ಜೋಡಿ ಜೋಡಿ. ಒಬ್ಬರು ಮಲಗಿ, ಒಬ್ಬರು ಮೇಲೆ ಬನ್ನಿ."

"ಇಲ್ಲೇನಾ?" ಅಂದ ಮೀನಂಗಡಿಯವನು ಕೀರಲು ದನಿಯಲ್ಲಿ.

"ಇನ್ನೆಲ್ಲಿ? ಭುಜ ಹಿಡೀರಿ, ಎಬ್ಬಿಸಿ ಕೂರಿಸಿ, ಬೆನ್ನ ಮೇಲೆ ಹೊತ್ಕೊಂಡು ಬಾಗಿಲವರೆಗೆ ನಡೀರಿ!"

"ಹೊತ್ಕೊಂಡು ನಡೆಯೋದು... ಅಷ್ಟೇನಾ?"

"ಅಷ್ಟೇ. ಮತ್ತೇನು ಅಂದ್ಕೊಂಡಿದ್ರಿ?"

ಕೋಣೆಯಲ್ಲಿ ಗಾಳಿ ಬೀಸಿದಂತೆ ನಿಟ್ಟುಸಿರು. ಯಾವ ಯಾವ ನಿಟ್ಟುಸಿರಿನಲ್ಲಿ ನೆಮ್ಮದಿ, ಯಾವುದರಲ್ಲಿ ನಿರಾಸೆ ಎಂದು ಬಿಡಿಸಿ ಹೇಳುವುದು ನನ್ನಿಂದಾಗದು. ಮೇಷ್ಟ್ರು ಮೀನಂಗಡಿಯವನ ಬೆನ್ನೇರಿದರು. ಉಳಿದವರೂ ಸಿಕ್ಕಸಿಕ್ಕವರನ್ನು ಹಿಡಿದುಕೊಂಡರು. ಗಂಡಸರ ಲೆಕ್ಕದಲ್ಲಿ ಒಬ್ಬ ಹೆಚ್ಚಾದ. ಆ ಒಬ್ಬ ಕುರಾಮೊಚಿ. ಅವನು ಯಾರನ್ನೂ ಹಿಡಿಯಲಿಲ್ಲ, ಅವನನ್ನೂ ಯಾರೂ ಹಿಡಿಯಲಿಲ್ಲ. ಯಾರ ತಪ್ಪೂ ಅಲ್ಲ. ಅವನು ನಿಂತದ್ದೇ ಕಂಬದ ಹಿಂದೆ.

"ಪರವಾಗಿಲ್ಲ ಕುರಾಮೊಚಿಯವರೇ," ಅಂದರು ಅಂಜಾಯ್. "ಅಡುಗೆ ಕೋಣೆಯಲ್ಲಿ ಅಕ್ಕಿ ಮೂಟೆ ಇದೆ. ಅದನ್ನೇ ನಿಮ್ಮ ಜೊತೆ ಅಂದ್ಕೊಳ್ಳಿ."

ಕುರಾಮೊಚಿ ಅಕ್ಕಿ ಮೂಟೆಯನ್ನು ಬೆನ್ನಿಗೇರಿಸಿಕೊಂಡು ಜೋಪಾನವಾಗಿ ನಡೆದ. ಬಾಗಿಲ ಚೌಕಟ್ಟಿಗೆ ಮೂಟೆಯ ಮೂಲೆ ತಗುಲಿದಾಗ, "ಅಯ್ಯೋ, ಪೆಟ್ಟಾಯ್ತಾ?" ಅಂದ. ನಾನು ಚಹಾದ ಲೋಟ ಜೋಡಿಸುತ್ತ ಮುಖ ತಿರುಗಿಸಿಕೊಂಡೆ.

ಅಷ್ಟರಲ್ಲಿ ಅಂಜಾಯ್, ಕಾಲು ಹಿಡಿಯುವ ರೀತಿಯ ಚಿತ್ರ ತೋರಿಸುತ್ತೇನೆಂದು ಪುಸ್ತಕ ತೆರೆದರು. ನೋಡಿದರು. ಮುಚ್ಚಿದರು. ಮತ್ತೆ ತೆರೆದರು. ಅವರ ಕಿವಿಯ ತುದಿಯವರೆಗೆ ಕೆಂಪು ಹತ್ತಿದ್ದನ್ನು ಹೆಂಗಸರೆಲ್ಲ ಕಂಡರು.

"ಇ... ಇದು ಯಾರದ್ದು?"

ಹೆಂಗಸರ ಬೀಸಣಿಗೆಗಳು ಮತ್ತೆ ಬೀಸತೊಡಗಿದವು.

"ಇದು ನನ್ನದಲ್ಲ! ನಾನು ಹಾಕಿದ್ದು ಭೂಕಂಪ!"

"ಇರಲಿ ಬಿಡಿ ಅಧ್ಯಕ್ಷರೇ," ಅಂದಳು ಉದಾಗಾವಾ ಸಮಾಧಾನದ ದನಿಯಲ್ಲಿ. "ನಾವು ಯಾರೂ ತಪ್ಪು ತಿಳಿದಿಲ್ಲ. ಎಲ್ಲರೂ ಮುದ್ರೆ ಒತ್ತಿದೀವಲ್ಲ."

"ನನ್ನದಲ್ಲ ಅಂತಿದೀನಲ್ಲಮ್ಮಾ!"

"ಹೂಂ, ಹೂಂ, ಅಲ್ಲ," ಅಂದರು ಎಲ್ಲರೂ. ಇಡೀ ಓಣಿ ಒಬ್ಬ ಮನುಷ್ಯನನ್ನು ಅಷ್ಟು ಮರ್ಯಾದೆಯಿಂದ ನಂಬದೇ ಇದ್ದದ್ದನ್ನು ನಾನು ಇನ್ನೊಮ್ಮೆ ನೋಡಿಲ್ಲ.

ಆಗ ಮೂಟೆ ಹೊತ್ತುಕೊಂಡೇ ನಿಂತಿದ್ದ ಕುರಾಮೊಚಿ ಮುಂದೆ ಬಂದ. ಅವನ ಪುಸ್ತಕ ಮನೆಯ ಬುದ್ಧಪೀಠದ ಮೇಲೆ ಭದ್ರವಾಗಿದೆಯೆಂದು ಅವನು ನಂಬಿದ್ದ. "ಯಾರದ್ದಾದರೇನು ಅಧ್ಯಕ್ಷರೇ, ಪಾಪ, ಅವರ ಮಾನ ಹೋಗ್ಬಾರದು. ಹಳೇ ಕಾಗದ ಒಯ್ಯೋ ದಿನ ಕಟ್ಟಿಟ್ಟುಬಿಡಿ," ಅಂದ. ಜನ ಒಳ್ಳೆಯ ಮಾತೆಂದು ತಲೆದೂಗಿದರು. ಅಂಜಾಯ್ ಪುಸ್ತಕವನ್ನು ಎದೆಗವಚಿಕೊಂಡು, "ವಿಲೇವಾರಿ ನನ್ನ ಜವಾಬ್ದಾರಿ," ಅಂದರು.

ಹಳೇ ಕಾಗದದ ಗಾಡಿ ಬಂದು ಹೋಯಿತು. ಆಮೇಲೆ ಓಬೋನ್ ಬಂತು.

ಅವತ್ತು ಸಂಜೆ ಇನ್ನೂ ಬೆಳಕಿದ್ದಾಗಲೇ ಮನೆ ಮನೆಯ ಮುಂದೆ ಸೆಣಬಿನ ಕಡ್ಡಿಯ ಬೆಂಕಿ ಹಚ್ಚಿ ಹಿರಿಯರನ್ನು ಕರೆದೆವು. ಹಿರಿಯರು ಏರಿ ಬರಲು ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡುತ್ತೇವೆ, ವಾಪಸ್ ಹೋಗಲು ಬದನೆಕಾಯಿಯ ಎತ್ತು. ಕುರಾಮೊಚಿಯ ಕುದುರೆಗೆ ಐದು ಕಾಲಿತ್ತು.

"ಒಂದು ಜಾಸ್ತಿ ಆಯ್ತಲ್ಲೋ," ಅಂದೆ, ಅವನ ಬಾಗಿಲು ದಾಟಿ ಹೋಗುತ್ತ.

"ಇರಲಿ ಅಜ್ಜೀ. ಬೇಗ ಬರಲಿ."

ಆಮೇಲೆ ಏನಾಯಿತೆಂದು ಅವನೇ ಹೇಳಿದ. ಬುದ್ಧಪೀಠದ ಮುಂದೆ ದೀಪ ಹಚ್ಚಿ, ಕಾಲು ಮಡಿಸಿ ಕೂತು, ಕಂದು ಕಾಗದದ ಪುಸ್ತಕ ತೆರೆದು, ಫುಸಾಯೆಗೆ ಕೇಳುವ ಹಾಗೆ ಓದಲು ಶುರುಮಾಡಿದ. "ಅಲುಗಾಟ ಶುರುವಾದ ಕೂಡಲೇ ಮೇಜಿನ ಕೆಳಗೆ ಹೋಗಿ." ಓಹೋ, ಬಂದರಿನಲ್ಲಿ ಭೂಕಂಪವಾಗಿದೆ, ರೇಜಿ ಮೇಜಿನ ಕೆಳಗಿರಬೇಕು ಅಂದುಕೊಂಡ. "ಕಪಾಟುಗಳನ್ನು ಗೋಡೆಗೆ ಬಿಗಿಯಿರಿ." ಹಡಗು ಹತ್ತುವ ಮುಂಚೆ ಮನೆ ಭದ್ರ ಮಾಡುತ್ತಿದ್ದಾನೆ, ಜವಾಬ್ದಾರಿಯ ಹುಡುಗ. "ಸ್ವಲ್ಪ ತಾಳು ಕಣೇ, ಹಡಗು ಬರುತ್ತೆ," ಅಂತ ಫೋಟೋಗೆ ಹೇಳುತ್ತ, ಕುಡಿಯುವ ನೀರು, ಟಾರ್ಚು, ಅಗ್ನಿಶಾಮಕದವರ ಫೋನು ನಂಬರು ಎಲ್ಲವನ್ನೂ ಓದಿದ. ಪುಸ್ತಕ ಮುಗಿಯಿತು. ಹಡಗು ಬರಲಿಲ್ಲ.

ಸ್ನಾನದ ಮನೆ ತುಂಬಿತ್ತು. ಕುರಾಮೊಚಿ ನೀಲಿ ಪರದೆ ಸರಿಸಿ ಒಳಗೆ ಬಂದ. ಕೈಯಲ್ಲಿ ಬಕೆಟ್ಟಿಲ್ಲ, ಟವೆಲಿಲ್ಲ. ಕಾಲಲ್ಲಿ ಕಕ್ಕಸಿನ ಚಪ್ಪಲಿ.

"ಅಜ್ಜೀ," ಅಂದ, "ಅವಳು ಬಂದು ಕೂತಿದ್ದಾಳೆ. ನನ್ನ ಹತ್ರ ಭೂಕಂಪ ಇದೆ."

ನನಗೆ ಅರ್ಥವಾಗಲಿಲ್ಲ. ಅವನು ಮೊದಲಿನಿಂದ ಹೇಳಿದ: ಅಂಗಡಿಯ ಹುಡುಗಿ, ರೇಜಿ, ಏಣಿ, ಚೀಲ. ಹೇಳುತ್ತ ಹೇಳುತ್ತ ದನಿ ಏರಿತು. ಎರಕದ ಕಾರ್ಖಾನೆಯಲ್ಲಿ ಕೂಗಿ ಕೂಗಿ ದೊಡ್ಡದಾದ ದನಿ ಅದು. "ನಾನೇ ಹೇಳ್ದೆ ಅಜ್ಜೀ, ಹಳೇ ಕಾಗದಕ್ಕೆ ಹಾಕಿ ಅಂತ. ನಾನೇ. ಅವಳು ನನ್ನನ್ನ ಜಾಸ್ತಿ ಏನೂ ಕೇಳಿದವಳಲ್ಲ. ಇದೊಂದು ಕೇಳಿದ್ಲು. ರೇಜಿ ಹಡಗು ಹತ್ತಿದನಾ ಅಂತ. ಈಗ ಮನೆಗೆ ಹೋಗಿ ಏನು ಹೇಳ್ಲಿ?"

ಹೆಂಗಸರ ಕಡೆ ನಲ್ಲಿಗಳು ಒಂದೊಂದಾಗಿ ನಿಂತವು. ಗಂಡಸರ ಕಡೆಯೂ ನಿಂತವು. ಸೂರಿನಿಂದ ಹನಿ ಬೀಳುವುದು ಕೇಳುತ್ತಿತ್ತು.

"ಹತ್ತಿದ," ಅಂದಿತು ಗೋಡೆಯಾಚೆಯಿಂದ ಒಂದು ದನಿ.

ಉದಾಗಾವಾ.

"ಹತ್ತಿದ ಕುರಾಮೊಚಿಯವರೇ. ಕೈ ಹಿಡ್ಕೊಂಡಿದ್ದೆಲ್ಲ ಹಳೇ ನೆನಪು. ಅಸಾಗಿ ಓಡಿ ಬರೋದರೊಳಗೆ ಏಣಿ ಎಳೆದುಬಿಟ್ರು. ರೇಜಿ ಮೇಲಿನಿಂದ ತನ್ನ ಮಫ್ಲರು ಬಿಚ್ಚಿ ಎಸೆದ. ಅದು ನೀರಿಗೆ ಬಿತ್ತು. ಅಷ್ಟರಲ್ಲಿ ನಮ್ಮನೆಯವರು ಬಂದ್ರು, ನಾನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮುಂದೆ ಗೊತ್ತಿಲ್ಲ."

"ಮುಂದೆ..." ಗಂಡಸರ ಕಡೆಯ ಹಬೆಯೊಳಗಿಂದ ಯಾರೋ ಕೆಮ್ಮಿದರು. ಮಿನೊವಾ ಮೇಷ್ಟ್ರು. "ತಪಾಸಣೆಯ ದೃಷ್ಟಿಯಿಂದ ಮಾತ್ರ ನಾನು ನಡುವಿನ ಭಾಗ ನೋಡಿದೆ. ಅಸಾಗಿ ನೀರಿಗಿಳಿದು ಆ ಮಫ್ಲರು ತೆಗೀತಾನೆ. ಆಮೇಲೆ ಒಬ್ಬನೇ ದೋಣಿ ನಡೆಸ್ತಾನೆ. ಚಳಿಗಾಲ ಬರುತ್ತೆ, ಹೋಗುತ್ತೆ. ಪ್ರತಿ ಹಡಗು ಬಂದಾಗಲೂ ಕಟ್ಟೆಗೆ ಹೋಗಿ ನಿಲ್ತಾನೆ. ಎಲ್ಲರೂ ಇಳಿದು ಹೋದ ಮೇಲೂ ಸ್ವಲ್ಪ ಹೊತ್ತು ನಿಂತಿರ್ತಾನೆ."

"ಎಷ್ಟು ಹೊತ್ತು?" ಅಂದ ಕುರಾಮೊಚಿ.

"ಚಿತ್ರದಲ್ಲಿ ಹೇಗಪ್ಪಾ ಹೇಳೋದು. ನೆರಳು ಉದ್ದ ಇತ್ತು." ಮೇಷ್ಟ್ರು ಮುಖಕ್ಕೆ ನೀರು ಎರಚಿಕೊಂಡರು. "ಅಲ್ಲಿಂದ ಮುಂದೆ ನನಗೆ ಓದೋಕೆ ಆಗಲಿಲ್ಲ."

"ಕೊನೆಗೆ ಬರ್ತಾನಾ ಇಲ್ವಾ?" ಅಂದ ಮೀನಂಗಡಿಯವನು ತಡೆಯಲಾರದೆ. ಅವನ ಮನೆಯಲ್ಲಿ ಚೀಲ ಒಂದೇ ರಾತ್ರಿ ಇದ್ದದ್ದು.

ಆಗ ತೊಟ್ಟಿಯಿಂದ ಅಂಜಾಯ್ ಎದ್ದರು. ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಟ್ಟೆ ಬದಲಿಸುವ ಕಡೆಗೆ ಬಂದು, ತಮ್ಮ ಬಕೆಟ್ಟಿನೊಳಗಿಂದ ಮಡಿಸಿದ ಟವೆಲೊಂದನ್ನು ತೆಗೆದರು. ಅದರೊಳಗೆ ಕಂದು ಕಾಗದ. ಮೂಲೆಗಳು ಹಬೆಗೆ ಮೆತ್ತಗಾಗಿದ್ದವು.

"ವಿಲೇವಾರಿ... ಇನ್ನೂ ಆಗಿರಲಿಲ್ಲ," ಅಂದರು ನೆಲ ನೋಡುತ್ತ. "ಕೊನೇ ಪುಟಗಳು ಉಳಿದಿದ್ವು. ಮನೆಯಲ್ಲಿ ಹೆಂಡತಿ ಇರ್ತಾಳೆ, ಅದಕ್ಕೇ ಇಲ್ಲಿಗೆ..."

"ನಾನು ಮೊನ್ನೆಯೇ ಓದಿ ಮುಗಿಸಿದೀನ್ರೀ!" ಎಂದಿತು ಗೋಡೆಯಾಚೆಯಿಂದ ಅವರ ಹೆಂಡತಿಯ ದನಿ. "ನಿಮ್ಮ ಹಾಸಿಗೆ ಕೆಳಗೇ ಇತ್ತಲ್ಲ!"

ಎರಡೂ ಕಡೆ ನಗು ಎದ್ದಿತು. ಫುಜಿ ಬೆಟ್ಟ ಅಲುಗಾಡುವಷ್ಟು.

"ಹಾಗಾದ್ರೆ ಕೊನೇದು ಹೇಳೇ ಮಾರಾಯ್ತಿ!" ಅಂದಳು ಉದಾಗಾವಾ.

"ಇಲ್ಲ," ಅಂದರು ಅಂಜಾಯ್ ಅವರ ಹೆಂಡತಿ. "ಅದು ಫುಸಾಯೆಯವರ ಪುಸ್ತಕ. ಅವರಿಗಿಂತ ಮುಂಚೆ ಓದಿದ್ದೇ ತಪ್ಪಾಯ್ತು. ಹೋಗಿ ಕುರಾಮೊಚಿಯವರೇ, ಅವರು ಕಾಯ್ತಿರ್ತಾರೆ."

ಕುರಾಮೊಚಿ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಲೆಬಾಗಿದ. ಕಕ್ಕಸಿನ ಚಪ್ಪಲಿಯಲ್ಲೇ ಓಡಿದ. ಈ ಸಲವೂ ಯಾರೂ ಹೇಳಲಿಲ್ಲ.

ಹಬ್ಬದ ದಿನಗಳಲ್ಲಿ ಒಬ್ಬೊಬ್ಬರೇ ನನ್ನ ಪೀಠದ ಹತ್ತಿರ ಬಂದು, ದನಿ ತಗ್ಗಿಸಿ, ಒಂದೇ ಪ್ರಶ್ನೆ ಕೇಳಿದರು: "ಅಜ್ಜೀ, ಇದರ ಮೊದಲನೇ ಸಂಪುಟ ಅವರ ಮನೆಯಲ್ಲಿ ಇರಬಹುದಾ?" ಮೇಷ್ಟ್ರು ಮಾತ್ರ, "ತಪಾಸಣೆ ಅರ್ಧಕ್ಕೆ ನಿಲ್ಲಬಾರದು," ಅಂದರು.

ಹಿರಿಯರನ್ನು ಕಳಿಸುವ ದಿನ ಸಂಜೆ ಕುರಾಮೊಚಿ ಸ್ನಾನಕ್ಕೆ ಬಂದ. ಈ ಸಲ ಬಕೆಟ್ಟು, ಟವೆಲು, ಸಾಬೂನು ಎಲ್ಲ ಸರಿಯಾಗಿತ್ತು. ನಾನು ಜನರ ಪ್ರಶ್ನೆ ತಲುಪಿಸಿದೆ.

"ಮೊದಲನೇದು ಚೀಲಕ್ಕೆ ಹಾಕಿ ಬಂದೆ ಅಜ್ಜೀ," ಅಂದ. "ಮರೆತು ಹಾಕಿದಾನೆ ಅಂದ್ಕೊಳ್ಲಿ."

"ಕೊನೇದು ಏನಾಯ್ತೋ?"

"ರೇಜಿ ವಾಪಸ್ ಬಂದ." ಅವನು ಸಾಬೂನನ್ನು ಬಕೆಟ್ಟಿನಲ್ಲಿ ಆ ಕಡೆಯಿಂದ ಈ ಕಡೆಗೆ ಸರಿಸಿದ. "ಬರೋ ಹೊತ್ತಿಗೆ ಇಬ್ಬರಿಗೂ ಕೂದಲು ಬೆಳ್ಳಗಾಗಿದೆ. ಜಗಲಿ ಮೇಲೆ ಕಲ್ಲಂಗಡಿ ತಿಂತಾ ಕೂತಿದಾರೆ. ಮಾತಿಲ್ಲ. ಬೀಜ ಉಗೀತಿದಾರೆ, ಅಷ್ಟೇ."

"ಫುಸಾಯೆ ಏನಂದ್ಲು?"

"ಏನೂ ಅನ್ನಲಿಲ್ಲ." ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು, "ಬದನೆಕಾಯಿ ಎತ್ತಿಗೆ ಮೂರೇ ಕಾಲು ಚುಚ್ಚಿದೀನಿ ಅಜ್ಜೀ," ಅಂದ. "ನಿಧಾನ ಹೋಗಲಿ."

ಒಳಗೆ ಹೋದ, ಮಿಂದ. ಬಟ್ಟೆ ಹಾಕಿಕೊಂಡು ಗೋಡೆಯ ಹತ್ತಿರ ಬಂದು, ಎಂದಿನಂತೆ ಕತ್ತೆತ್ತಿ ಕೂಗಿದ.

"ಓಯ್, ಹೊರಟೆ ಕಣೇ!"

ನಲ್ಲಿಗಳು ನಿಂತವು. ಉದಾಗಾವಾ ಉತ್ತರ ಕೊಡಲು ಬಾಯಿ ತೆರೆದಳು. ಒಳ್ಳೆಯ ಮನಸ್ಸಿನಿಂದಲೇ. ನಾನು ಪೀಠದ ಮೇಲಿಂದ ಬೆರಳೆತ್ತಿ ತಡೆದೆ. ಆ ಉತ್ತರ ಅವಳದ್ದಲ್ಲ.

ಈ ಸಲ ಅವನು ಗಂಟಲು ಸರಿಮಾಡಿಕೊಳ್ಳಲಿಲ್ಲ. ಹೊರಗೆ ಹೋಗಿ ನೀಲಿ ಪರದೆಯ ಕೆಳಗೆ ನಿಂತ, ಒಬ್ಬ ಹೆಂಗಸು ಕೂದಲು ಒರೆಸಿಕೊಂಡು ಬರುವಷ್ಟು ಹೊತ್ತು. ಆಮೇಲೆ ಹೊರಟ. ನಮ್ಮದು ಕಿರಿದಾದ ಓಣಿ. ಅವನು ನಡುವೆ ನಡೆಯಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು, ಗೋಡೆಗೆ ಒತ್ತಿಕೊಂಡು, ಮೂರು ಕಾಲಿನ ಎತ್ತಿನ ಹಾಗೆ ನಿಧಾನವಾಗಿ ನಡೆದುಹೋದ.